ಕಾದು ಕಾಯುವ ಇಂಧನ

(ಬಾನುಲಿ ಭಾಷಣದ ಬರಹರೂಪ)

ನಮ್ಮ ಹಳ್ಳಿಯ ಮನೆಯ ಬಚ್ಚಲಿನಲ್ಲಿ ಒಲೆಗೆ ಹೂತಿಟ್ಟ ಒಂದು ತಾಮ್ರದ ಹಂಡೆಯಿತ್ತು. ಬೆಳಗಿನ ಜಾವ ಮೊದಲು ಎದ್ದವರು ಅದಕ್ಕೆ ನೀರು ತುಂಬಿ, ಒಲೆಗೆ ತೆಂಗಿನ ಮಟ್ಟೆಯನ್ನೂ ಸೌದೆಯನ್ನೂ ಇಟ್ಟು ಉರಿ ಹಚ್ಚುವುದು ವಾಡಿಕೆ. ನಾನು ಹತ್ತು ವರ್ಷದವನಿದ್ದಾಗ ಒಂದು ಚಳಿಗಾಲದ ಬೆಳಗ್ಗೆ, ಹಂಡೆಯಲ್ಲಿ ನೀರಿದೆಯೆಂದೇ ಭಾವಿಸಿ ಉರಿ ಹಚ್ಚಿ, ಬೆಂಕಿಯ ಮುಂದೆ ಸುಖವಾಗಿ ಕುಳಿತುಬಿಟ್ಟೆ. ಸ್ವಲ್ಪ ಹೊತ್ತಿನಲ್ಲಿ ಹಂಡೆಯ ತಳದಿಂದ ಟಣ್ಣೆಂಬ ಸದ್ದು ಬಂತು. ಬೆಸುಗೆ ಬಿಟ್ಟಿತ್ತು. ಅಜ್ಜಿ ಓಡಿಬಂದು ಕೆಂಡವನ್ನೆಲ್ಲ ಹೊರಗೆಳೆದರು. ಬೈಯಲಿಲ್ಲ, ಒಂದೇ ಮಾತು ಹೇಳಿದರು: “ಹಂಡೇನ ಕಾಯೋದು ತಾಮ್ರ ಅಲ್ಲ ಮಗಾ, ಒಳಗಿರೋ ನೀರು.”

ಮುಂದೆ ನಾನು ಹಲವು ವರ್ಷ ಉಷ್ಣಯಂತ್ರಗಳ ಪಾಠ ಹೇಳಿದೆ. ಆದರೆ ಈ ತತ್ತ್ವವನ್ನು ಅಜ್ಜಿಗಿಂತ ಚೆನ್ನಾಗಿ ಹೇಳಿದ ಗ್ರಂಥವನ್ನು ನಾನು ಕಾಣಲಿಲ್ಲ. ಉರಿ ಎಷ್ಟೇ ಜೋರಾಗಿರಲಿ, ಅದರ ಶಾಖವನ್ನು ಒಳಗಿನ ದ್ರವ ಬೇಗಬೇಗನೆ ಹೀರಿಕೊಳ್ಳುತ್ತಿದ್ದರೆ ನಡುವಣ ಲೋಹ ಉಳಿಯುತ್ತದೆ. ಹೀರಿಕೊಳ್ಳುವುದು ನಿಂತರೆ ಅಳಿಯುತ್ತದೆ. ಇಂದು ನಾನು ಹೇಳಹೊರಟಿರುವುದು ಇಂಥದೇ ಒಂದು ಹಂಡೆಯ ಚರಿತ್ರೆ. ವ್ಯತ್ಯಾಸವಿಷ್ಟೆ: ಈ ಹಂಡೆಯಲ್ಲಿರುವುದು ನೀರಲ್ಲ, ಸೀಮೆಎಣ್ಣೆಯ ಜಾತಿಯ ಇಂಧನ. ಅದು ಮೊದಲು ಹಂಡೆಯ ಗೋಡೆಗಳನ್ನು ಸುತ್ತಿ ತಂಪೆರೆಯುತ್ತದೆ. ಅನಂತರ ಅದೇ ಒಲೆಯೊಳಕ್ಕೆ ಹೋಗಿ ತಾನೇ ಉರಿಯುತ್ತದೆ.

ಇಂಥ ವಿಚಿತ್ರ ಏರ್ಪಾಡು ಯಾರಿಗೆ ಬೇಕಾಯಿತು? ಶಬ್ದದ ವೇಗಕ್ಕೆ ಸಮನಾದ ವೇಗವನ್ನು, ಅರ್ನ್‌ಸ್ಟ್ ಮಾಖ್ ಎಂಬ ವಿಜ್ಞಾನಿಯ ನೆನಪಿನಲ್ಲಿ, ಮ್ಯಾಕ್ 1 ಎನ್ನುತ್ತಾರೆ. ಅದರ ಐದು ಮಡಿಯನ್ನು, ಎಂದರೆ ಮ್ಯಾಕ್ 5ನ್ನು, ಮೀರಿದ ಹಾರಾಟಕ್ಕೆ ಹೈಪರ್‌ಸಾನಿಕ್ ಎಂದು ಹೆಸರು. ಈ ವೇಗದಲ್ಲಿ ಎದುರಾಗುವ ಗಾಳಿ ಪಕ್ಕಕ್ಕೆ ಸರಿಯಲು ಅವಕಾಶವಿಲ್ಲದೆ ವಿಮಾನದ ಮುಂದೆ ಅದುಮಿಕೊಳ್ಳುತ್ತದೆ, ಅದುಮಿಕೊಂಡು ಕಾಯುತ್ತದೆ. ನೆಲದಿಂದ ಇಪ್ಪತ್ತು ಕಿಲೋಮೀಟರು ಮೇಲೆ ಗಾಳಿಯ ಉಷ್ಣತೆ ಸೊನ್ನೆಗಿಂತ 56 ಡಿಗ್ರಿ ಕೆಳಗಿರುತ್ತದೆ. ಆದರೆ ಮ್ಯಾಕ್ 3ರಲ್ಲಿ ಹಾರುವ ವಿಮಾನದ ಮೂತಿಗೆ ತಾಗಿ ನಿಂತ ಗಾಳಿ ಸುಮಾರು 330 ಡಿಗ್ರಿ ಸೆಲ್ಸಿಯಸ್‌ಗೆ ಏರುತ್ತದೆ. ಮ್ಯಾಕ್ 5ರಲ್ಲಿ ಸುಮಾರು 1000 ಡಿಗ್ರಿಗೆ. ಮ್ಯಾಕ್ 6ರಲ್ಲಿ 1300 ಡಿಗ್ರಿಯನ್ನೂ ದಾಟುತ್ತದೆ. ತಾಮ್ರ 1085 ಡಿಗ್ರಿಯಲ್ಲಿ ಕರಗುವುದೆಂಬುದನ್ನು ನೆನೆದರೆ ಇದರ ಅರ್ಥ ಹೊಳೆಯುತ್ತದೆ. ಇದು ಇನ್ನೂ ಎಂಜಿನ್ನಿನೊಳಗೆ ಇಂಧನ ಹೊತ್ತಿಕೊಳ್ಳುವುದಕ್ಕೆ ಮುಂಚಿನ ಲೆಕ್ಕ. ಹೊತ್ತಿಕೊಂಡ ಮೇಲೆ ಒಳಗಿನ ಅನಿಲ 2000 ಡಿಗ್ರಿಯನ್ನು ಮೀರುತ್ತದೆ.

ರಸ್ತೆಯ ಮೋಟಾರು ವಾಹನವನ್ನು ಎದುರುಗಾಳಿ ತಣಿಸುತ್ತದೆ. ಇಲ್ಲಿ ಎದುರುಗಾಳಿಯೇ ಕುಲುಮೆ. ನೀರು ಹೊತ್ತೊಯ್ಯೋಣವೆಂದರೆ ಭಾರ. ಹಾಗಾದರೆ ಆ ವಿಮಾನದಲ್ಲಿ ತಣ್ಣಗಿರುವ ವಸ್ತು ಯಾವುದು? ತೊಟ್ಟಿಯಲ್ಲಿರುವ ಇಂಧನವೊಂದೇ. ಬೇಕೆಂದರೂ ಬೇಡವೆಂದರೂ ಅದನ್ನು ಹೊತ್ತೇ ತೀರಬೇಕು. ಈ ಅನಿವಾರ್ಯದಿಂದಲೇ ನಮ್ಮ ಕಥೆ ಹುಟ್ಟಿದೆ.

ಆದರೆ ಅದು ಹುಟ್ಟಿದ್ದು ವಿಮಾನದಲ್ಲಲ್ಲ, ರಾಕೆಟ್ಟಿನಲ್ಲಿ. ರಷ್ಯಾದ ಕಲೂಗಾ ಎಂಬ ಊರಿನಲ್ಲಿ ಶಾಲೆಯ ಉಪಾಧ್ಯಾಯರಾಗಿದ್ದ, ಎಳವೆಯಲ್ಲೇ ಕಿವಿ ಮಂದವಾಗಿದ್ದ ಕಾನ್‌ಸ್ಟಾಂಟಿನ್ ತ್ಸಿಯೊಲ್ಕೊವ್‌ಸ್ಕಿ, 1903ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ದ್ರವ ಇಂಧನದ ರಾಕೆಟ್ಟನ್ನು ಕಲ್ಪಿಸಿದರು. ಉರಿಯುವ ಕೊಳವೆಯನ್ನು ಆ ದ್ರವಗಳಿಂದಲೇ ತಣಿಸಬಹುದೆಂಬ ಯೋಚನೆಯೂ ಅವರದೇ. 1930ರ ದಶಕದಲ್ಲಿ ವಿಯೆನ್ನಾದ ಓಯ್ಗೆನ್ ಸೆಂಗರ್ ಅದನ್ನು ಪ್ರಯೋಗದಿಂದ ತೋರಿಸಿದರು. ಅಮೆರಿಕದಲ್ಲಿ ಜೇಮ್ಸ್ ವೈಲ್ಡ್ ಎಂಬ ತರುಣ 1938ರಲ್ಲಿ, ಎರಡು ಗೋಡೆಗಳ ನಡುವೆ ಇಂಧನ ಹರಿಯುವ ಪುಟ್ಟ ಎಂಜಿನ್ನೊಂದನ್ನು ತಾನೇ ಮಾಡಿ ಉರಿಸಿದ. ಆತನೂ ಮೂವರು ಗೆಳೆಯರೂ 1941ರಲ್ಲಿ ಸ್ಥಾಪಿಸಿದ ಸಂಸ್ಥೆಯ ಎಂಜಿನ್ನೇ 1947ರ ಅಕ್ಟೋಬರ್ 14ರಂದು, ಮೊದಲ ಬಾರಿಗೆ ಮನುಷ್ಯನೊಬ್ಬ ನೇರ ಹಾರಾಟದಲ್ಲಿ ಶಬ್ದದ ವೇಗವನ್ನು ಮೀರಿದಾಗ, ಆ ವಿಮಾನವನ್ನು ನೂಕಿತು.

ಈ ನಡುವೆ ಜರ್ಮನಿಯಲ್ಲಿ ಇದೇ ತತ್ತ್ವ ಬೇರೊಂದು ದಾರಿ ಹಿಡಿದಿತ್ತು. ಬಾಲ್ಟಿಕ್ ಸಮುದ್ರ ತೀರದ ಪೇನೆಮ್ಯೂಂಡೆಯಲ್ಲಿ ಸಿದ್ಧವಾದ ವಿ-2 ರಾಕೆಟ್ಟಿನ ಎಂಜಿನ್ 25 ಟನ್ನು ನೂಕುಬಲವುಳ್ಳದ್ದು. ನೀರು ಬೆರೆಸಿದ ಮದ್ಯಸಾರ ಅದರ ಇಂಧನ. ಆ ಮದ್ಯಸಾರ ಎಂಜಿನ್ನಿನ ಎರಡು ಗೋಡೆಗಳ ನಡುವೆ ಹರಿದು ಶಾಖವನ್ನು ಹೀರಿಕೊಂಡು ಅನಂತರ ಉರಿಯುತ್ತಿತ್ತು. ಅದೂ ಸಾಲದೆ, ಗೋಡೆಯ ಸಣ್ಣ ರಂಧ್ರಗಳಿಂದ ಒಂದಿಷ್ಟು ಒಳಕ್ಕೆ ಒಸರಿ, ಗೋಡೆಗೂ ಜ್ವಾಲೆಗೂ ನಡುವೆ ತೆಳುವಾದ ಪದರವಾಗಿ ಹರಡುತ್ತಿತ್ತು. ಎಂಜಿನ್ನಿನ ಹೊಣೆ ಹೊತ್ತಿದ್ದವರು ವಾಲ್ಟರ್ ಥೀಲ್ ಎಂಬ ರಸಾಯನಶಾಸ್ತ್ರಜ್ಞರು. 1942ರ ಅಕ್ಟೋಬರ್ 3ರಂದು ಆ ರಾಕೆಟ್ ಯಶಸ್ವಿಯಾಗಿ ಹಾರಿತು. ಮರುವರ್ಷ ಆಗಸ್ಟಿನಲ್ಲಿ ಬ್ರಿಟಿಷ್ ವಿಮಾನಗಳು ಬಾಂಬು ಸುರಿದಾಗ ಥೀಲ್ ತಮ್ಮ ಹೆಂಡತಿ ಮಕ್ಕಳೊಡನೆ ಮಡಿದರು. ಮುಂದೆ ಆ ರಾಕೆಟ್ಟುಗಳ ತಯಾರಿಕೆ ಬೆಟ್ಟದೊಳಗಿನ ಸುರಂಗಗಳಿಗೆ ಸ್ಥಳಾಂತರವಾಯಿತು. ಅಲ್ಲಿ ದುಡಿದ ಡೋರಾ ಶಿಬಿರದ ಸೆರೆಯಾಳುಗಳು ಸಾವಿರ ಸಾವಿರ ಸಂಖ್ಯೆಯಲ್ಲಿ ಸತ್ತರು. ಎಂಜಿನ್ನಿನ ಗೋಡೆಯನ್ನು ಇಷ್ಟು ಜತನದಿಂದ ಕಾಪಾಡಿದ ಕೌಶಲ ಮನುಷ್ಯರನ್ನು ಕಾಪಾಡುವ ಗೋಜಿಗೆ ಹೋಗಲಿಲ್ಲ. ನಮ್ಮ ವಿಷಯದ ಚರಿತ್ರೆಯಲ್ಲಿ ಈ ಪುಟವೂ ಇದೆ. ಅದನ್ನು ಮಡಿಚಿಟ್ಟು ಮುಂದೆ ಹೋಗುವುದು ಸರಿಯಲ್ಲ.

ರಾಕೆಟ್ಟಿನಲ್ಲಿ ಗೆದ್ದ ಉಪಾಯವನ್ನು ವಿಮಾನದಲ್ಲಿ ಬಳಸುವುದು ಸುಲಭವಲ್ಲವೇ ಎಂದು ಕೇಳುಗರು ಕೇಳಬಹುದು. ಇಲ್ಲೇ ತೊಡಕಿರುವುದು. ರಾಕೆಟ್ ತನ್ನ ಆಮ್ಲಜನಕವನ್ನು ತಾನೇ ಹೊತ್ತಿರುತ್ತದೆ. ಸೆಕೆಂಡಿಗೆ ರಾಶಿ ರಾಶಿ ಇಂಧನ ಕುಡಿಯುತ್ತದೆ. ವಿ-2ರ ಎಂಜಿನ್ ಉರಿದದ್ದು ಸುಮಾರು ಒಂದು ನಿಮಿಷ. ಗಾಳಿಯನ್ನೇ ಉಸಿರಾಡುವ ಎಂಜಿನ್ನಿಗೆ ಬೇಕಾಗುವ ಸೀಮೆಎಣ್ಣೆ ಒಳಬರುವ ಗಾಳಿಯ ತೂಕದ ಹದಿನೈದನೆಯ ಒಂದು ಭಾಗ ಮಾತ್ರ. ಆ ಮಿತವ್ಯಯವೇ ಅದರ ಹಿರಿಮೆ. ಆದರೆ ಅದೇ ಅದರ ಕಷ್ಟ ಕೂಡ. ತಣಿಸಬೇಕಾದ ಗೋಡೆ ದೊಡ್ಡದು, ತಣಿಸುವ ದ್ರವ ಚಿಕ್ಕದು, ಉರಿಯಬೇಕಾದ ಹೊತ್ತು ದೀರ್ಘ. ವೇಗ ಹೆಚ್ಚಿದಂತೆ ಶಾಖ ಇಂಧನಕ್ಕಿಂತ ವೇಗವಾಗಿ ಬೆಳೆಯುತ್ತದೆ. ಉರಿಯಲು ಬೇಕಾದ ಇಂಧನ ತಣಿಸಲು ಸಾಲದೆ ಹೋಗುವ ಒಂದು ಗಡಿ ಕೊನೆಗೆ ಬಂದೇ ಬರುತ್ತದೆ.

ಆ ಗಡಿಯ ಈಚೆಗೇ ನಿಂತು ಮೊದಲ ಪಾಠ ಕಲಿಸಿದ್ದು ಅಮೆರಿಕದ ಬೇಹು ವಿಮಾನ ಎಸ್‌ಆರ್-71. 1964ರ ಡಿಸೆಂಬರ್ 22ರಂದು ಮೊದಲು ಹಾರಿದ ಈ ಕಪ್ಪು ವಿಮಾನ ಹೈಪರ್‌ಸಾನಿಕ್ ಅಲ್ಲ. ಅದರ ವೇಗ ಮ್ಯಾಕ್ 3ಕ್ಕೆ ಸ್ವಲ್ಪ ಮೇಲೆ. ಆದರೂ ಅದರ ಲೋಹದ ಚರ್ಮ ರೊಟ್ಟಿಯ ಹಂಚಿಗಿಂತ ಬಿಸಿಯಾಗುತ್ತಿತ್ತು. ಅದಕ್ಕಾಗಿ ಜೆಪಿ-7 ಎಂಬ ವಿಶೇಷ ಇಂಧನವನ್ನು ತಯಾರಿಸಿದರು. ಅದು ಎಷ್ಟು ಸಾಧುವೆಂದರೆ ಉರಿಯುವ ಬೆಂಕಿಕಡ್ಡಿ ಬಿದ್ದರೂ ಹೊತ್ತಿಕೊಳ್ಳುತ್ತಿರಲಿಲ್ಲ. ಎಂಜಿನ್ನಿನಲ್ಲಿ ಹೊತ್ತಿಸಲು ಗಾಳಿ ಸೋಕಿದೊಡನೆ ತಾನೇ ಉರಿಯುವ ಬೇರೊಂದು ರಾಸಾಯನಿಕವನ್ನು ಚುಚ್ಚಬೇಕಾಗಿತ್ತು. ತೊಟ್ಟಿಯಿಂದ ಹೊರಟ ಇಂಧನ ಚಾಲಕನ ಕೋಣೆಯ ಗಾಳಿಯನ್ನೂ, ಎಂಜಿನ್ನಿನ ಕೀಲೆಣ್ಣೆಯನ್ನೂ, ರೆಕ್ಕೆಯ ಫಲಕಗಳನ್ನಾಡಿಸುವ ಎಣ್ಣೆಯನ್ನೂ ತಣಿಸಿ, ತಾನು ಬಿಸಿಯಾಗಿ, ಆಮೇಲೆ ಎಂಜಿನ್ನನ್ನು ಸೇರುತ್ತಿತ್ತು. ಇಂಧನವೆಂದರೆ ಉರಿಯುವುದು ಮಾತ್ರವಲ್ಲ, ಉರಿಯುವವರೆಗೂ ತಾಳುವುದು ಎಂಬ ಹೊಸ ಗುಣಲಕ್ಷಣ ಇಲ್ಲಿಂದ ಮುಂದಕ್ಕೆ ಬಂತು.

ತಾಳದಿದ್ದರೆ ಏನಾಗುತ್ತದೆಂಬುದನ್ನು ಇನ್ನೊಂದು ವಿಮಾನ ತೋರಿಸಿತು. 1967ರ ಅಕ್ಟೋಬರ್ 3ರಂದು, ವಿ-2 ಹಾರಿ ಸರಿಯಾಗಿ ಇಪ್ಪತ್ತೈದು ವರ್ಷ ತುಂಬಿದ ದಿನ, ಪೀಟ್ ನೈಟ್ ಎಂಬ ವೈಮಾನಿಕ ಎಕ್ಸ್-15 ರಾಕೆಟ್ ವಿಮಾನವನ್ನು ಮ್ಯಾಕ್ 6.7 ವೇಗಕ್ಕೆ ಒಯ್ದರು. ಆ ವಿಮಾನದ ಹೊಟ್ಟೆಯ ಕೆಳಗೆ, ಮುಂದೆ ಅಳವಡಿಸಬೇಕಾಗಿದ್ದ ಗಾಳಿ ಉಸಿರಾಡುವ ಎಂಜಿನ್ನಿನ ಒಂದು ಮಾದರಿಯನ್ನು ತೂಗಹಾಕಿದ್ದರು. ವೇಗದಿಂದೆದ್ದ ಆಘಾತ ತರಂಗಗಳು ಮಾದರಿಯನ್ನು ಹಿಡಿದಿದ್ದ ಕಂಬಕ್ಕೆ ಬಡಿದು ಲೋಹವನ್ನು ಕೊರೆದುಬಿಟ್ಟವು. ಮಾದರಿ ಕಳಚಿ ಬಿತ್ತು. ವೈಮಾನಿಕ ಬದುಕಿ ಇಳಿದರು. ವಿಮಾನ ಮತ್ತೆ ಹಾರಲಿಲ್ಲ. ವೇಗದ ದಾಖಲೆಯನ್ನು ಜಗತ್ತು ಕೊಂಡಾಡಿತು. ಎಂಜಿನಿಯರುಗಳು ಮಾತ್ರ ಆ ಸುಟ್ಟ ಕಂಬವನ್ನು ನೋಡುತ್ತ ನಿಂತರು.

ನಿಜವಾದ ಎಂಜಿನ್ ಎಕ್ಸ್-15ರಲ್ಲಿ ಹಾರುವ ಮುನ್ನವೇ, 1968ರಲ್ಲಿ, ಆ ವಿಮಾನಗಳ ಕಾರ್ಯಕ್ರಮ ಮುಗಿಯಿತು. ಆದರೆ ಅದರ ದೇಹವನ್ನು 1971ರಲ್ಲಿ ಅಮೆರಿಕದ ಲ್ಯಾಂಗ್ಲಿ ಸಂಶೋಧನಾಲಯದ ಬಿಸಿಗಾಳಿಯ ಸುರಂಗದಲ್ಲಿಟ್ಟು, ಗೋಡೆಗಳಲ್ಲಿ ಜಲಜನಕ ಹರಿಸಿ ಪರೀಕ್ಷಿಸಿದರು. ತಣಿಸುವ ಕೆಲಸಕ್ಕೆ ದ್ರವ ಜಲಜನಕಕ್ಕೆ ಸಾಟಿಯಿಲ್ಲ. ಅದು ಸೊನ್ನೆಗಿಂತ 253 ಡಿಗ್ರಿ ಕೆಳಗಿರುವ ದ್ರವ. ತೂಕಕ್ಕೆ ತೂಕ ಹೀರಬಲ್ಲ ಶಾಖವೂ ಅಪಾರ. ಆದರೆ ಅದು ಅರಳೆಯಂಥ ಸರಕು. ಒಂದು ಘನಮೀಟರು ಜಾಗದಲ್ಲಿ ಸೀಮೆಎಣ್ಣೆ ಸುಮಾರು 800 ಕಿಲೋ ಹಿಡಿದರೆ ದ್ರವ ಜಲಜನಕ ಹಿಡಿಯುವುದು 71 ಕಿಲೋ ಮಾತ್ರ. ತೊಟ್ಟಿ ಬೆಳೆಯುತ್ತದೆ, ತೊಟ್ಟಿಯೊಡನೆ ವಿಮಾನ ಬೆಳೆಯುತ್ತದೆ, ವಿಮಾನದೊಡನೆ ಗಾಳಿಯ ತಡೆ ಬೆಳೆಯುತ್ತದೆ. 1986ರಲ್ಲಿ ಅಮೆರಿಕದ ಅಧ್ಯಕ್ಷ ರೇಗನ್ ಸಂಸತ್ತಿನೆದುರು ಘೋಷಿಸಿದ ಮಹಾವಿಮಾನದ ಯೋಜನೆ ಜಲಜನಕವನ್ನೇ ನಂಬಿತ್ತು. 1990ರ ದಶಕದ ಮೊದಲ ವರ್ಷಗಳಲ್ಲಿ, ಒಂದು ವಿಮಾನವನ್ನೂ ಹಾರಿಸದೆ, ಅದು ಕೊನೆಗೊಂಡಿತು.

ಹಾಗಾದರೆ ಸೀಮೆಎಣ್ಣೆಗೆ ಮರಳಬೇಕು. ಆದರೆ ಅದಕ್ಕೆ ಅಷ್ಟು ಶಾಖ ಹೀರುವ ಶಕ್ತಿಯಿಲ್ಲ. ಈ ಇಕ್ಕಟ್ಟಿನಿಂದ ಪಾರುಮಾಡಿದ್ದು ರಸಾಯನಶಾಸ್ತ್ರ. ನೀರು ಆವಿಯಾಗುವಾಗ, ಬಿಸಿ ಮಾಡುವುದಕ್ಕೆ ಬೇಕಾದುದಕ್ಕಿಂತ ಎಷ್ಟೋ ಪಾಲು ಹೆಚ್ಚು ಶಾಖವನ್ನು ನುಂಗುತ್ತದೆಂಬುದು ನಮಗೆ ಗೊತ್ತು. ಇಂಧನದ ವಿಷಯದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ಒತ್ತಡದಲ್ಲಿಟ್ಟು 500 ಡಿಗ್ರಿಯ ಆಚೆಗೆ ಕಾಯಿಸಿದರೆ ಸೀಮೆಎಣ್ಣೆಯ ಉದ್ದನೆಯ ಅಣುಗಳು ಮುರಿದು ಚಿಕ್ಕಚಿಕ್ಕ ಅಣುಗಳಾಗುತ್ತವೆ. ಮುರಿಯಲು ಶಾಖ ಬೇಕು. ಅದನ್ನು ಎಂಜಿನ್ನಿನ ಗೋಡೆಯಿಂದಲೇ ಸೆಳೆದುಕೊಳ್ಳುತ್ತವೆ. ಹೀಗೆ ಮುರಿದು ಹುಟ್ಟಿದ ಎಥಿಲೀನ್, ಮೀಥೇನ್, ಜಲಜನಕಗಳು ಮೂಲ ಎಣ್ಣೆಗಿಂತ ಬೇಗ ಹೊತ್ತಿಕೊಳ್ಳುತ್ತವೆ. ಇದು ಸಣ್ಣ ಲಾಭವಲ್ಲ. ಗಾಳಿಯನ್ನು ಶಬ್ದದ ವೇಗಕ್ಕಿಂತ ಕೆಳಕ್ಕೆ ಇಳಿಸದೆಯೇ ಅದರಲ್ಲಿ ಇಂಧನವನ್ನು ಉರಿಸುವ ಸ್ಕ್ರಾಮ್‌ಜೆಟ್ ಎಂಬ ಎಂಜಿನ್ನಿನಲ್ಲಿ, ಗಾಳಿ ದಹನಕೋಣೆಯನ್ನು ದಾಟಿಹೋಗಲು ಹಿಡಿಯುವುದು ಸೆಕೆಂಡಿನ ಸಾವಿರದ ಒಂದೆರಡು ಭಾಗ ಮಾತ್ರ. ಅಷ್ಟರೊಳಗೆ ಇಂಧನ ಬೆರೆಯಬೇಕು, ಹೊತ್ತಬೇಕು, ಉರಿದು ಮುಗಿಯಬೇಕು. ತಣಿಸುತ್ತ ಮುರಿದದ್ದೇ ಉರಿಯುವುದಕ್ಕೆ ಸಿದ್ಧತೆಯಾಯಿತು.

ಆದರೆ ಬಜ್ಜಿ ಕರಿಯುವ ಬಾಣಲೆಯನ್ನು ತಿಕ್ಕಿದವರಿಗೆ ಇದರ ಇನ್ನೊಂದು ಮುಖವೂ ತಿಳಿದೀತು. ಎಣ್ಣೆ ಅತಿಯಾಗಿ ಕಾದರೆ ಕರಿ ಕಟ್ಟುತ್ತದೆ. ಎಂಜಿನ್ನಿನ ಗೋಡೆಯೊಳಗಿನ ಕಾಲುವೆಗಳು ಬಹು ಕಿರಿದು. ಅಲ್ಲಿ ಇಂಗಾಲದ ಕರಿ ಕಟ್ಟಿತೆಂದರೆ ಹರಿವು ನಿಲ್ಲುತ್ತದೆ, ಹರಿವು ನಿಂತಲ್ಲಿ ಗೋಡೆ ತೂತಾಗುತ್ತದೆ. ಬರಿ ಹಂಡೆಗೆ ಉರಿ ಹಚ್ಚಿದ ಹುಡುಗನ ಗತಿಯೇ. ಎಣ್ಣೆಯನ್ನು ಮುರಿಯುವಷ್ಟು ಕಾಯಿಸಬೇಕು, ಕರಿಯಾಗುವಷ್ಟು ಕಾಯಿಸಬಾರದು. ಹಲವು ದೇಶಗಳ ಪ್ರಯೋಗಶಾಲೆಗಳು ದಶಕಗಳ ಕಾಲ ಈ ಹದವನ್ನು ಹುಡುಕುತ್ತ ಕಳೆದಿವೆ.

ಇನ್ನು ಹಾರಾಟಗಳ ಮಾತು. ಇಲ್ಲಿ ನಾನು ಕೇಳುಗರಲ್ಲಿ ಒಂದು ಬಿನ್ನಹ ಮಾಡುತ್ತೇನೆ: ವೇಗದ ಅಂಕಿಗಳನ್ನು ನೋಡುವಾಗ ಸೆಕೆಂಡುಗಳ ಅಂಕಿಗಳನ್ನೂ ನೋಡಿ. 1991ರ ನವೆಂಬರ್ ಕೊನೆಯಲ್ಲಿ, ಸೋವಿಯತ್ ಒಕ್ಕೂಟ ಚದುರಿಹೋಗುವುದಕ್ಕೆ ಒಂದು ತಿಂಗಳು ಮುಂಚೆ, ಕಜಾಕ್‌ಸ್ತಾನದ ಸಾರಿ ಶಗಾನ್‌ನಲ್ಲಿ ‘ಖೋಲದ್’ ಎಂಬ ಎಂಜಿನ್ ಕ್ಷಿಪಣಿಯೊಂದರ ತುದಿಯಲ್ಲಿ ಕುಳಿತು ಹಾರಿತು. ಸ್ಕ್ರಾಮ್‌ಜೆಟ್ಟಿನ ಮೊದಲ ಹಾರಾಟ ಅದೇ. ದ್ರವ ಜಲಜನಕ ಅದರ ಗೋಡೆಗಳನ್ನು ತಣಿಸಿ ಅನಂತರ ಉರಿಯಿತು. ರಷ್ಯನ್ ಭಾಷೆಯಲ್ಲಿ ಖೋಲದ್ ಎಂದರೆ ಚಳಿ ಎಂದು ಅರ್ಥ. ಹಣಕ್ಕೆ ತತ್ತ್ವಾರವಾಗಿದ್ದ ಮುಂದಿನ ವರ್ಷಗಳಲ್ಲಿ ಫ್ರೆಂಚರೂ ಅಮೆರಿಕನ್ನರೂ ಅದರೊಡನೆ ಕೈಗೂಡಿಸಿದರು. 1998ರ ಫೆಬ್ರುವರಿಯಲ್ಲಿ ಅಂಥದೇ ಎಂಜಿನ್ 77 ಸೆಕೆಂಡು ನಡೆಯಿತು.

2004ರ ನವೆಂಬರ್ 16ರಂದು ಅಮೆರಿಕದ ಎಕ್ಸ್-43ಎ ಎಂಬ ಮಾನವರಹಿತ ವಿಮಾನ ಮ್ಯಾಕ್ 9.6ನ್ನು ಮುಟ್ಟಿತು. ಪತ್ರಿಕೆಗಳೆಲ್ಲ ಅದನ್ನು ಬರೆದವು. ಆದರೆ ಅದರ ಎಂಜಿನ್ ಉರಿದದ್ದು ಸುಮಾರು ಹತ್ತು ಸೆಕೆಂಡು. ಅದರ ಇಂಧನ ಗೋಡೆಗಳನ್ನು ತಣಿಸುತ್ತಿರಲಿಲ್ಲ. ದಪ್ಪನೆಯ ತಾಮ್ರದ ಗೋಡೆ ತಾನೇ ಶಾಖವನ್ನು ಹೀರುತ್ತ, ಕರಗುವ ಮುನ್ನ ಕೆಲಸ ಮುಗಿಯಬೇಕಾಗಿತ್ತು. ಅನಂತರ ಬಂದ ಎಕ್ಸ್-51ಎ ವೇಗದಲ್ಲಿ ಅದರ ಅರ್ಧ. ಆದರೆ ಅದರ ಎಂಜಿನ್ನನ್ನು ತಣಿಸಿದ್ದು ಎಸ್‌ಆರ್-71ರ ಕಾಲದ ಅದೇ ಜೆಪಿ-7. ಅಲ್ಲಿಯೂ ಒಂದು ಬೀಜ-ವೃಕ್ಷ ನ್ಯಾಯ ಎದುರಾಯಿತು: ಇಂಧನ ಕಾಯದೆ ಎಂಜಿನ್ ಸರಿಯಾಗಿ ಉರಿಯದು, ಎಂಜಿನ್ ಉರಿಯದೆ ಇಂಧನ ಕಾಯದು. ಆದ್ದರಿಂದ ಮೊದಲು ಎಥಿಲೀನ್ ಹೊತ್ತಿಸಿ, ಗೋಡೆ ಬಿಸಿಯಾದ ಮೇಲೆ ಜೆಪಿ-7ಕ್ಕೆ ಹೊರಳಬೇಕಾಗಿತ್ತು. 2011ರ ಹಾರಾಟ ಈ ಹೊರಳುವಿಕೆಯಲ್ಲೇ ಮುಗ್ಗರಿಸಿತು. 2012ರದು ಬೇರೆ ದೋಷದಿಂದ ಕೆಟ್ಟಿತು. ಕೊನೆಗೆ 2013ರ ಮೇ 1ರಂದು ಪೆಸಿಫಿಕ್ ಸಾಗರದ ಮೇಲೆ ಮ್ಯಾಕ್ 5.1ರಲ್ಲಿ ಅದು ಸುಮಾರು ಮೂರೂವರೆ ನಿಮಿಷ ಉರಿದು, ತೊಟ್ಟಿ ಬರಿದಾದ ಮೇಲೆಯೇ ನಿಂತಿತು. ಗೋಡೆ ಸೋತು ನಿಂತದ್ದಲ್ಲ, ಇಂಧನ ಮುಗಿದು ನಿಂತದ್ದು. ನನ್ನ ಮಟ್ಟಿಗೆ ಈ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ವಾಕ್ಯವಿಲ್ಲ.

ನಮ್ಮ ದೇಶದ ಹೆಜ್ಜೆಗಳನ್ನೂ ಇದೇ ಅಳತೆಗೋಲಿನಿಂದ ಅಳೆಯಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆಘಾತ ಸುರಂಗಗಳಲ್ಲಿ ಹೈಪರ್‌ಸಾನಿಕ್ ಗಾಳಿ ಬೀಸುವುದು ಸೆಕೆಂಡಿನ ಸಾವಿರದ ಕೆಲವೇ ಭಾಗಗಳಷ್ಟು ಕಾಲ; ಆ ಕಣ್ಣೆವೆಯ ಅವಧಿಯಲ್ಲೇ ಮಾದರಿಗಳ ಮೇಲಿನ ಶಾಖವನ್ನು ಅಳೆಯುವ ವಿದ್ಯೆಯನ್ನು ಅಲ್ಲಿನವರು ಬೆಳೆಸಿದ್ದಾರೆ. 2016ರ ಆಗಸ್ಟ್ 28ರಂದು ಶ್ರೀಹರಿಕೋಟೆಯಿಂದ ಇಸ್ರೋ ಹಾರಿಸಿದ ಸ್ಕ್ರಾಮ್‌ಜೆಟ್ಟುಗಳು 5 ಸೆಕೆಂಡು ಉರಿದವು. 2020ರ ಸೆಪ್ಟೆಂಬರ್ 7ರಂದು ಒಡಿಶಾ ತೀರದಿಂದ ರಕ್ಷಣಾ ಸಂಶೋಧನಾ ಸಂಸ್ಥೆ ಹಾರಿಸಿದ ವಾಹನದಲ್ಲಿ 20 ಸೆಕೆಂಡಿಗೂ ಹೆಚ್ಚು. 2025ರ ಜನವರಿಯಲ್ಲಿ ಹೈದರಾಬಾದಿನ ನೆಲದ ಪರೀಕ್ಷೆಯಲ್ಲಿ, ನಮ್ಮಲ್ಲೇ ತಯಾರಾದ ಶಾಖ ಹೀರುವ ಇಂಧನದಿಂದ ತಣಿದ ದಹನಕೋಣೆ, 120 ಸೆಕೆಂಡು. ಅದೇ ಏಪ್ರಿಲ್ 25ರಂದು 1000 ಸೆಕೆಂಡಿಗೂ ಮಿಗಿಲು. ನೆಲದ ಮೇಲಿನ ಉರಿ ಆಕಾಶದ ಹಾರಾಟವಲ್ಲವೆಂಬುದನ್ನು ಮರೆಯಬಾರದು. ಆದರೂ ಐದರಿಂದ ಸಾವಿರಕ್ಕೆ ಏರಿದ ಈ ಅಂಕಿಗಳಲ್ಲಿ ಒಂದು ತಲೆಮಾರಿನ ದುಡಿಮೆಯಿದೆ.

ಈ ದುಡಿಮೆ ಯಾವುದಕ್ಕಾಗಿ ಎಂಬ ಪ್ರಶ್ನೆ ಉಳಿಯುತ್ತದೆ. ಈ ಬಗೆಯ ಎಂಜಿನ್ನಿನಿಂದ ಮನುಷ್ಯರನ್ನು ಹೊತ್ತ ಒಂದು ವಿಮಾನವೂ ಇಂದಿನವರೆಗೆ ಹಾರಿಲ್ಲ. ಅಗ್ಗವಾಗಿ ಬಾಹ್ಯಾಕಾಶಕ್ಕೆ ಹೋಗುವ ಕನಸು ಇದರ ಹಿಂದೆ ಇರುವುದು ನಿಜ. ಆದರೆ ಎಣ್ಣೆಯಿಂದ ತಣಿಯುವ ಎಂಜಿನ್ನುಗಳಿಗೆ ಹಣ ಕೊಟ್ಟವರು ಬಹುಮಟ್ಟಿಗೆ ಸೇನೆಗಳು, ಮತ್ತು ಅವುಗಳ ಮೊದಲ ಗುರಿ ಕ್ಷಿಪಣಿ. ಪೇನೆಮ್ಯೂಂಡೆಯ ನೆರಳು ಇನ್ನೂ ಪೂರ್ತಿ ಸರಿದಿಲ್ಲ. ವಿದ್ಯೆ ತಪ್ಪಲ್ಲವೆಂದು ನಾನು ನಂಬುತ್ತೇನೆ. ಆದರೆ ಗೋಡೆಯನ್ನು ಕಾಯುವುದು ಹೇಗೆಂದು ಕಲಿಸುವವನು, ಆ ಗೋಡೆ ಯಾರ ಮೇಲೆ ಬೀಳಲು ಹೊರಟಿದೆಯೆಂದು ಕೇಳುವುದನ್ನೂ ಕಲಿಸಬೇಕು. ನನ್ನ ಪಾಠಗಳಲ್ಲಿ ಆ ಎರಡನೆಯದನ್ನು ನಾನು ಸಾಕಷ್ಟು ಹೇಳಲಿಲ್ಲವೆಂಬ ಅಳುಕು ನನಗಿದೆ. ಅದನ್ನು ಈಗಲಾದರೂ ಒಪ್ಪಿಕೊಳ್ಳುವುದು ಮೇಲು.

ಕನ್ನಡದಲ್ಲಿ ‘ಕಾಯು’ ಎಂಬ ಒಂದೇ ಮಾತಿಗೆ ಬಿಸಿಯಾಗು ಎಂದೂ ಅರ್ಥ, ರಕ್ಷಿಸು ಎಂದೂ ಅರ್ಥ. ಅಜ್ಜಿ ಆ ಬೆಳಗ್ಗೆ ಯಾವ ಅರ್ಥದಲ್ಲಿ ಆಡಿದರೋ, ಎರಡೂ ಸರಿಯಾಗಿಯೇ ಇತ್ತು. ಬೆಸುಗೆ ಬಿಟ್ಟ ಹಂಡೆಯನ್ನು ಕಂಚುಗಾರನ ಬಳಿಗೆ ಒಯ್ದು ಸರಿಮಾಡಿಸಿದರು. ಅದು ಮತ್ತೆ ಬಹುಕಾಲ ನಮ್ಮ ಬಚ್ಚಲಿನಲ್ಲಿತ್ತು. ಉರಿ ಹಚ್ಚುವ ಮುನ್ನ ಅದರೊಳಗೆ ಕೈಯಿಟ್ಟು ನೋಡುವ ಅಭ್ಯಾಸ ನನಗೆ ಅಂದಿನಿಂದ ಬಂದದ್ದು, ಹೋಗಲಿಲ್ಲ.